ರಾಘವರ ಹೆಸರಿನ ಮಂದಿರ, ಊರಿನ ಹೊಣೆ

ಬಳ್ಳಾರಿಯಲ್ಲಿ ಸಭಾ ನಾಟಕಗಳನ್ನು ಕಟ್ಟಿ ನಿಲ್ಲಿಸಿದವರು ಕೋರ್ಟಿನ ವಕೀಲರು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿದರು. ಅದಕ್ಕೆ ಸರಿಸಾಟಿಯಾಗಿ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಎದ್ದು ನಿಂತಿತು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು. ಹಗಲೆಲ್ಲ ಕಕ್ಷಿದಾರರು, ಸಂಜೆಯಾದರೆ ತಾಲೀಮು. ಶ್ರೀನಿವಾಸರಾಯರು ಪುರಾಣ ದಾಟಿ ಚರಿತ್ರೆಗೂ ಕೈಹಾಕಿದರು, ವಿಜಯನಗರದ ಪತನವನ್ನು ‘ರಾಮರಾಜು ಚರಿತ್ರ’ವಾಗಿ ರಂಗಕ್ಕೆ ತಂದರು. ಊರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಾಟಕಗಳ ಭಾಷೆ ಬಹುಪಾಲು ತೆಲುಗು. ನೋಡುವವರು ಮಾತ್ರ ಕನ್ನಡ, ತೆಲುಗು ಎರಡನ್ನೂ ಒಂದೇ ನಾಲಿಗೆಯಲ್ಲಿ ಆಡುವ ಮಂದಿ.

ಈ ಪೈಪೋಟಿಯ ನಡುವೆ ಬೆಳೆದವರು ರಾಮಕೃಷ್ಣಮಾಚಾರ್ಯರ ಸೋದರಳಿಯ ತಾಡಪತ್ರಿ ರಾಘವಾಚಾರ್ಯರು, ಅಂದರೆ ನಮ್ಮ ಬಳ್ಳಾರಿ ರಾಘವ. ಹುಟ್ಟಿದ್ದು 1880ರ ಆಗಸ್ಟ್ 2ರಂದು. ಅವರೂ ಕಾನೂನು ಓದಿ ವಕೀಲಿ ಮಾಡಿದವರೇ. ರಾಗ ಎಳೆದು ಪದ್ಯ ಹಾಡುವುದೇ ನಟನೆ ಎನ್ನುತ್ತಿದ್ದ ಕಾಲದಲ್ಲಿ ಅವರು ಮಾತಿಗೆ, ಮುಖಭಾವಕ್ಕೆ, ಮೌನಕ್ಕೆ ಬೆಲೆ ತಂದರು. ‘ರಾಮರಾಜು ಚರಿತ್ರ’ದ ಪಠಾಣ್ ರುಸ್ತುಂ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಪಟ್ಟುಹಿಡಿದರು, ಓದಿದ ಮನೆಗಳ ಮಹಿಳೆಯರನ್ನು ರಂಗಕ್ಕೆ ಕರೆತಂದರು. ಇಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. ‘ರೈತು ಬಿಡ್ಡ’ದಂಥ ಸಿನಿಮಾಗಳಲ್ಲೂ ನಟಿಸಿದರು. ಆದರೆ ಅವರ ಜೀವ ಇದ್ದದ್ದು ರಂಗದ ಮೇಲೆ. 1946ರ ಏಪ್ರಿಲ್‌ನಲ್ಲಿ ತೀರಿಕೊಂಡರು. 1981ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಅಂಥವರ ಹೆಸರನ್ನು ಊರು ಇಟ್ಟುಕೊಂಡಿರುವುದು ರಾಘವ ಕಲಾಮಂದಿರದಲ್ಲಿ. ಅದರ ಬೆನ್ನಿಗಿರುವುದು ರಾಘವ ಮೆಮೋರಿಯಲ್ ಅಸೋಸಿಯೇಷನ್. ರಾಘವರ ಜಯಂತಿ, ನಾಟಕ ಪ್ರದರ್ಶನ, ಕಲಾವಿದರಿಗೆ ಸನ್ಮಾನ ಎಂದು ಬಳ್ಳಾರಿಯ ರಂಗಾಸಕ್ತರು ಮತ್ತೆ ಮತ್ತೆ ಬಂದು ಸೇರುವ ಜಾಗ ಇದು. ಆ ಹಳೆಯ ವಕೀಲರ ಸಭೆಗಳ ವಾರಸುದಾರಿಕೆ ಎಂದು ನಾನು ಕರೆಯುವುದು ಇದನ್ನೇ: ದೊರೆಯ ಆಶ್ರಯವಿಲ್ಲದೆ, ದುಡಿಯುವ ಮಂದಿ ಬಿಡುವು ಮಾಡಿಕೊಂಡು ನಡೆಸುವ ರಂಗಭೂಮಿ.

ಜನ ಕೂಡುವ ಚಪ್ಪರವೊಂದಕ್ಕಾಗಿ ಈ ಊರಿನಲ್ಲಿ ಪ್ರಾಣ ಕೊಟ್ಟವರಿದ್ದಾರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆ್ಯಸಿಡ್ ಎರಚಿದರು, ಅವರು ಬದುಕುಳಿಯಲಿಲ್ಲ. ನಾಲ್ಕು ಜನ ಕೂಡುವ ಜಾಗ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಬಳ್ಳಾರಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಬಳ್ಳಾರಿ ರಂಗಭೂಮಿಯಲ್ಲಿ ಕನ್ನಡದ ಕಡೆಯ ಕಥೆಯೂ ತೆಲುಗಿನಷ್ಟೇ ಗಟ್ಟಿ. ರಾಘವರ ಒಡನಾಟ ಕಂಡ ಜೋಳದರಾಶಿ ದೊಡ್ಡನಗೌಡರು ನಟರು, ಗಮಕಿಗಳು, ವಚನಕಾರರು. ನಗರದಲ್ಲಿ ಈಗ ಅವರ ಹೆಸರಿನ ಸರ್ಕಾರಿ ರಂಗಮಂದಿರವೂ ಇದೆ. ಕಂಪನಿ ನಾಟಕಗಳ ರಂಗಗೀತೆಯನ್ನು ಕೊನೆಯವರೆಗೂ ಕಂಠದಲ್ಲಿ ಹೊತ್ತಿದ್ದ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ನಾಟಕದ ಜೊತೆಗೆ ತೊಗಲುಗೊಂಬೆಯಾಟವನ್ನೂ ಎತ್ತಿ ಹಿಡಿದ ಬೆಳಗಲ್ಲು ವೀರಣ್ಣ 2024ರಲ್ಲಿ ಹೋದರು. ಒಬ್ಬೊಬ್ಬರು ಹೋದಾಗಲೂ ಎಷ್ಟೋ ಹಾಡು, ಎಷ್ಟೋ ಮಟ್ಟು ಅವರೊಡನೆ ಹೋದವು. ಇದನ್ನು ಬರೆಯುವಾಗ ಸಂಕಟವಾಗುತ್ತದೆ.

ಆದರೆ ನೋಡುವ ಮಂದಿಯೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿರುಗುಪ್ಪ, ಕುರುಗೋಡು ಕಡೆ ಜಾತ್ರೆಯ ಕಾಲಕ್ಕೆ ಹೋಗಿ ನೋಡಬೇಕು. ತುಂಗಭದ್ರೆಯ ನೀರಿನ ಭತ್ತದ ಸೀಮೆ ಇದು. ಕೊಯ್ಲಿನ ಕೆಲಸ ಮುಗಿದರೆ ಊರ ಹುಡುಗರು ಮಾಸ್ತರನ್ನು ಕರೆಸಿ ತಾಲೀಮಿಗೆ ಕೂರುತ್ತಾರೆ. ಗುಡಿಯ ಮುಂದಿನ ಕಟ್ಟೆಯ ಮೇಲೆ ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ಟ್ರ್ಯಾಕ್ಟರ್ ಓಡಿಸುವವನು ದುರ್ಯೋಧನ, ಕಿರಾಣಿ ಅಂಗಡಿಯವನು ಶಕುನಿ. ಓದು ಬಾರದವನಿಗೆ ಮಾಸ್ತರು ಸಾಲು ಸಾಲಾಗಿ ಬಾಯಿಪಾಠ ಮಾಡಿಸುತ್ತಾರೆ. ಶ್ರುತಿ ತಪ್ಪಿದರೆ ಪೇಟಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳಿಗೆ ಇಲ್ಲಿ ಇಂದಿಗೂ ಬರವಿಲ್ಲ. ಸ್ತ್ರೀಪಾತ್ರಗಳಿಗೆ ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಕಲಾವಿದೆಯರು ಬರುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ರಾತ್ರಿ ಊಟ ಮುಗಿಸಿ ಚಾಪೆ, ಕಂಬಳಿ ಹಿಡಿದು ಬಂದ ಮಂದಿ ಬೆಳಗಿನವರೆಗೆ ಕೂರುತ್ತಾರೆ. ನಡುನಡುವೆ ಆಟ ನಿಲ್ಲಿಸಿ ಮೈಕಿನಲ್ಲಿ ಆಯೇರಿ ಕೂಗುತ್ತಾರೆ: ಮಾವನಿಂದ ಇಷ್ಟು, ಗೆಳೆಯರ ಬಳಗದಿಂದ ಇಷ್ಟು. ಭೀಮನ ಗದೆ ಕೆಳಗಿಳಿಯುತ್ತದೆ, ಕೊರಳಿಗೆ ಶಾಲು ಬೀಳುತ್ತದೆ, ಗದೆ ಮತ್ತೆ ಮೇಲೇರುತ್ತದೆ. ಶಿಸ್ತಿನ ರಂಗಾಸಕ್ತರು ಇದನ್ನು ರಸಭಂಗ ಎನ್ನಬಹುದು. ನನ್ನ ಪಾಲಿಗೆ ಇದು ಊರು ತನ್ನ ನಾಟಕಕ್ಕೆ ವಂತಿಗೆ ಎತ್ತುವ ರೀತಿ.

ಹಳ್ಳಿಯಲ್ಲಿ ಮಂದಿ ಇದ್ದಾರೆ, ನಗರದಲ್ಲಿ ಮಂದಿರ ಇದೆ. ಇವೆರಡನ್ನೂ ಬೆಸೆಯುವ ಕೆಲಸ ಆಗಬೇಕು. ರಂಗಮಂದಿರವೊಂದು ನಾಟಕಕ್ಕಿಂತ ಸಭೆ, ಸಮಾರಂಭಗಳ ಬಾಡಿಗೆಯನ್ನೇ ನೆಚ್ಚಿಕೊಂಡರೆ ಗೋಡೆ ಉಳಿಯುತ್ತದೆ, ರಂಗ ಉಳಿಯುವುದಿಲ್ಲ. ಬೆಂಗಳೂರಿನ ರಂಗಶಂಕರ ಇದನ್ನು ಮೊದಲೇ ಅರಿತಿತ್ತು. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ದುಡ್ಡು ಕೂಡಿಸಿ 2004ರಲ್ಲಿ ತೆರೆದ ಆ ಮಂದಿರವನ್ನು ನಾಟಕಕ್ಕೇ ಮೀಸಲಿಟ್ಟರು. ಅಡಿಕೆ ತೋಟಗಳ ನಡುವಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಕೂಡ ಊರವರ ಆಸಕ್ತಿಯಿಂದಲೇ ಬೆಳೆದದ್ದು. ಲಂಡನ್ನಿನಲ್ಲಿ 1989ರಲ್ಲಿ ಷೇಕ್ಸ್‌ಪಿಯರ್ ಕಾಲದ ರೋಸ್ ರಂಗಮಂದಿರದ ತಳಪಾಯ ಸಿಕ್ಕಾಗ ಅದರ ಮೇಲೆ ಕಚೇರಿ ಕಟ್ಟಡ ಏಳುವುದಿತ್ತು. ನಟನಟಿಯರು, ಸಾಮಾನ್ಯ ಜನ ಬೀದಿಗಿಳಿದು ಆ ಅವಶೇಷ ಉಳಿಸಿಕೊಂಡರು. ನಮ್ಮ ಕೈಯಲ್ಲಿರುವುದು ಅವಶೇಷವಲ್ಲ, ಇನ್ನೂ ದೀಪ ಹತ್ತುವ ರಂಗ.

ರಾಘವ ಕಲಾಮಂದಿರವನ್ನು ತಿಂಗಳಿಗೊಂದು ರಾತ್ರಿ ತಾಲ್ಲೂಕಿನ ತಂಡಗಳಿಗೆ ಬಿಟ್ಟುಕೊಡಬಹುದು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯ ಕಾಲಕ್ಕೆ ಕಲಿತ ನಾಟಕ ಒಂದೇ ರಾತ್ರಿಗೆ ಮುಗಿಯದೆ ಬಳ್ಳಾರಿಯಲ್ಲೂ ಆಡಲಿ. ನಾಟಕಕ್ಕೆ ಬಾಡಿಗೆ ಕಡಿಮೆ, ಸಮಾರಂಭಕ್ಕೆ ಹೆಚ್ಚು ಎಂದಾಗಲಿ. ಗಣಿಯಿಂದ, ಜೀನ್ಸ್ ಹೊಲಿಗೆಯಿಂದ, ಅಕ್ಕಿ ಗಿರಣಿಯಿಂದ ದುಡಿದವರು ಈ ಸೀಮೆಯಲ್ಲಿ ಕಡಿಮೆಯೇನಿಲ್ಲ, ಅವರು ಒಂದೊಂದು ಪ್ರದರ್ಶನದ ಖರ್ಚು ಹೊರಲಿ. ಶಾಲೆಗಳು ಮಕ್ಕಳನ್ನು ಕರೆತರಲಿ.

ಉಳಿದದ್ದು ನಮ್ಮ ನಿಮ್ಮ ಪಾಲಿನದು. ಬರುವ ಆಗಸ್ಟ್ 2ರಂದು ರಾಘವರ ಜಯಂತಿ. ಆ ವಾರ ಬಳ್ಳಾರಿಯಲ್ಲಿ ಯಾವ ನಾಟಕವಿದ್ದರೂ ಪಾಸಿಗಾಗಿ ಕಾಯದೆ ಟಿಕೆಟ್ ಕೊಂಡು ಹೋಗಿ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.