ದಾಖಲೆ ನಾಲ್ಕು ಎಕರೆ, ಒತ್ತುವರಿ ಎರಡು

ಮೂಡಿಗೆರೆ, ಕಳಸದ ಕಡೆ ಯಾರನ್ನಾದರೂ ‘ತೋಟ ಎಷ್ಟಿದೆ?’ ಅಂತ ಕೇಳಿ ನೋಡಿ. ಉತ್ತರ ಎರಡು ಕಂತಲ್ಲಿ ಬರುತ್ತೆ: ‘ದಾಖಲೆ ನಾಲ್ಕು ಎಕರೆ, ಒತ್ತುವರಿ ಎರಡು.’ ಹೇಳೋರಿಗೆ ಮುಜುಗರ ಇಲ್ಲ, ಕೇಳೋರಿಗೆ ಆಶ್ಚರ್ಯ ಇಲ್ಲ. ಬೆಂಗಳೂರಿನ ನನ್ನ ಆಫೀಸಿನವರಿಗೆ ಮಾತ್ರ ಇದು ತಲೆಗೆ ಹೋಗಲ್ಲ. ‘ಸರ್ಕಾರಿ ಜಾಗದಲ್ಲಿ ತೋಟಾನಾ? ಅದ್ಹೇಗೆ?’ ಅಂತಾರೆ.

ಅದ್ಹೇಗೆ ಅಂತ ತಿಳಿಯೋಕೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಕಾಫಿಯನ್ನು ನಮ್ಮ ಬೆಟ್ಟಕ್ಕೆ ತಂದದ್ದು ಬ್ರಿಟಿಷರಲ್ಲ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಬಹಳ ಕಾಲ ಹಿತ್ತಲ ಗಿಡವಾಗಿದ್ದ ಅದನ್ನು ಎಸ್ಟೇಟ್ ಮಾಡಿದ್ದು ಬ್ರಿಟಿಷರು. 1830ರ ಹೊತ್ತಿಗೆ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಹತ್ತಿರ ತೋಟ ಹಾಕಿದ. 1831ರಲ್ಲಿ, ನಗರ ಸೀಮೆಯ ರೈತರ ದಂಗೆಯನ್ನು ಮುಂದಿಟ್ಟುಕೊಂಡು ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿತು. ಒಡೆಯರ ಮನೆತನಕ್ಕೆ ಅದು ಮರಳಿದ್ದು 1881ರಲ್ಲಿ. ನಡುವಿನ ಐವತ್ತು ವರ್ಷ ಭೂಮಿ, ಕೋರ್ಟು, ಬೆಳೆ ಮೂರೂ ಕಮಿಷನರುಗಳ ಕೈಯಲ್ಲಿ. ನಾವು ಭಾನುವಾರ ವಾಕಿಂಗ್ ಹೋಗೋ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆ ಕುರ್ಚಿಯಲ್ಲಿದ್ದರು. ಆಮೇಲೆ ಬಂದ ಬೌರಿಂಗ್ ಕಾಲದಲ್ಲಿ, 1863ರಲ್ಲಿ, ಕಡೂರು ಜಿಲ್ಲೆ ಆಯಿತು. 1865ರಲ್ಲಿ ಅದರ ಕೇಂದ್ರ ಚಿಕ್ಕಮಗಳೂರಿಗೆ ಬಂತು.

ಗದ್ದೆಗೊಂದು ನ್ಯಾಯ, ಕಾಫಿಗೊಂದು

1863ರಲ್ಲಿ ಮೈಸೂರಲ್ಲಿ ಸರ್ವೆ ಸೆಟ್ಲ್‌ಮೆಂಟ್ ಶುರುವಾಯಿತು. ಗದ್ದೆ, ಹೊಲ ಅಳೆದು ಎಕರೆ ಲೆಕ್ಕದಲ್ಲಿ ಕಂದಾಯ ಕಟ್ಟಿದರು. ಕಾಫಿಗೆ ಹಾಗಿರಲಿಲ್ಲ. ಬೆಳೆದಷ್ಟಕ್ಕೆ ಮಾತ್ರ ಸುಂಕ, ಅದೂ ಮಣಕ್ಕೆ ನಾಲ್ಕಾಣೆಗೆ ಇಳಿಯಿತು. ಅಂದರೆ ಕಾಡು ಕಡಿದು ಗಿಡ ನೆಟ್ಟು, ಫಸಲು ಬರೋ ತನಕದ ಮೂರ್ನಾಲ್ಕು ವರ್ಷ ಸುಂಕದ ಚಿಂತೆ ಇಲ್ಲ. ಕಾಫಿ ಎಕರೆ ಲೆಕ್ಕಕ್ಕೆ ಬಂದದ್ದು 1880ರ ದಶಕದಲ್ಲಿ.

ಕಾಡಿನ ವಿಷಯದಲ್ಲೂ ಇದೇ ಕಥೆ. ಬೆಟ್ಟದ ಜನ ಸ್ವಲ್ಪ ಜಾಗ ಸುಟ್ಟು ರಾಗಿ ಬಿತ್ತಿ, ಮುಂದಕ್ಕೆ ಹೋಗೋ ಪದ್ಧತಿಗೆ ಕುಮರಿ ಅಂತಾರೆ. ಅದರಿಂದ ಕಾಡು ಹಾಳಾಗುತ್ತೆ ಅಂತ ಪಶ್ಚಿಮ ಘಟ್ಟದ ಉದ್ದಕ್ಕೂ ಅದನ್ನು ಬಿಗಿ ಮಾಡಿದರು. ಅದೇ ಕಾಡನ್ನು ಪ್ಲಾಂಟರ್ ಕಡಿದರೆ ಅದು ಅಭಿವೃದ್ಧಿ. ಸಿಲೋನಲ್ಲಿ 1840ರಲ್ಲೇ ಒಂದು ಕಾನೂನು ಬಂದಿತ್ತು: ಕಾಗದ ಇಲ್ಲದ ಕಾಡು, ಪಾಳು ಜಾಗ ಎಲ್ಲ ಸರ್ಕಾರದ್ದು ಅಂತಲೇ ಲೆಕ್ಕ. ‘ಒತ್ತುವರಿ’ ಅನ್ನೋ ಮಾತಿನ ಹಿಂದಿರೋ ತರ್ಕ ಇದೇ.

ಮುಂಗಡ ಪಡೆದವನು ಅಪರಾಧಿ

ತೋಟ ಆಯಿತು, ಕೆಲಸಕ್ಕೆ ಜನ? ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ಕಳಸದ ಲೈನ್ ಮನೆಗಳಲ್ಲಿ ಇವತ್ತಿಗೂ ತುಳು ಕೇಳಿಸೋದು ಸುಮ್ಮನೆ ಅಲ್ಲ.

ಸಾಲ ತೀರಿಸದಿದ್ದರೆ ಸಾಮಾನ್ಯವಾಗಿ ಸಿವಿಲ್ ದಾವೆ. ಆದರೆ 1859ರ 13ನೇ ಕಾಯ್ದೆ ಕೂಲಿಯ ಮುಂಗಡವನ್ನು ಬೇರೆ ಥರ ನೋಡಿತು. ಮುಂಗಡ ಪಡೆದವನು ಕೆಲಸಕ್ಕೆ ಬರದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ದೂರು. ‘ದುಡ್ಡು ಕಟ್ಟು, ಇಲ್ಲ ಕೆಲಸ ಮಾಡು’ ಅನ್ನೋ ಆದೇಶ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ದಕ್ಷಿಣದ ಪ್ಲಾಂಟರುಗಳಿಗೆ ಇದು ದೊಡ್ಡ ಅಸ್ತ್ರ. ಕೂಲಿ ಬಾಕಿ ಉಳಿಸಿಕೊಂಡ ಧಣಿಗೆ ಇದರಲ್ಲಿ ಜೈಲಿರಲಿಲ್ಲ. 1879ರಿಂದ ಭಾರತೀಯರನ್ನು ಹಡಗಲ್ಲಿ ಸಾಗಿಸಿದ ಪೆಸಿಫಿಕ್‌ನ ಫಿಜಿ ದ್ವೀಪದಲ್ಲೂ ಕರಾರು ಮುರಿದ ಕೂಲಿಗೆ ಶಿಕ್ಷೆ ಇತ್ತು. ಅಲ್ಲಿ ಕಬ್ಬು, ಇಲ್ಲಿ ಕಾಫಿ, ಅಷ್ಟೇ. ಬ್ರಿಟಿಷ್ ಇಂಡಿಯಾದಲ್ಲಿ ಆ ಕಾಯ್ದೆ ತೆಗೆಯೋ ತೀರ್ಮಾನವಾದದ್ದು 1925ರಲ್ಲಿ.

ಹಳೇ ಕೋಡ್ ಇನ್ನೂ ಓಡ್ತಿದೆ

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಬರೆದವನು ಹೋದ ಮೇಲೂ ಕೋಡ್ ಓಡ್ತಾ ಇರುತ್ತೆ. 1974ರ ತಿದ್ದುಪಡಿ ಗದ್ದೆಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಆದರೆ ಭೂ ಸುಧಾರಣಾ ಕಾಯ್ದೆಯ 104ನೇ ಕಲಂ ಪ್ಲಾಂಟೇಷನ್‌ಗಳಿಗೆ ಭೂಮಿತಿಯಿಂದ ವಿನಾಯಿತಿ ಕೊಟ್ಟಿತ್ತು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ‘ಕೆಲಸದವರಿಗೆ ಮನೆ ಕೊಡಿ’ ಅಂದಿತು, ಒಳ್ಳೇದೇ. ಆದರೆ ಕೆಲಸ ಇರೋತನಕ ಮನೆ. ಮನೆಯೂ ಜಾಗವೂ ಮಾಲೀಕರದ್ದೇ.

2022ರಲ್ಲಿ ಭೂ ಕಂದಾಯ ಕಾಯ್ದೆಗೆ ಮತ್ತೊಂದು ತಿದ್ದುಪಡಿ ಬಂತು. 2005ಕ್ಕೂ ಮುಂಚೆ ಒತ್ತುವರಿಯಾದ ಸರ್ಕಾರಿ ಜಾಗವನ್ನು, 25 ಎಕರೆವರೆಗೆ, ಕಾಫಿಯಂಥ ತೋಟದ ಬೆಳೆ ಬೆಳೆಯೋರಿಗೇ 30 ವರ್ಷ ಗುತ್ತಿಗೆ ಕೊಡಬಹುದು. ಸಣ್ಣ ಬೆಳೆಗಾರರಿಗೆ ಇದು ಬೇಕಿತ್ತು, ಇದರಲ್ಲಿ ಎರಡು ಮಾತಿಲ್ಲ. ಎರಡು ಎಕರೆಯವರ ಹೊಟ್ಟೆಪಾಡು, ಇಪ್ಪತ್ತೈದು ಎಕರೆಯವರ ಆಸೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸರಿಯಾ ಅನ್ನೋದು ನನ್ನ ಪ್ರಶ್ನೆ.

ನಮ್ಮ ಮನೆಯದೂ ಒಂದು ಅರ್ಜಿ ಇದೆ. ಜಾಗ ಅಳೆಯೋ ದಿನ ಗಡಿ ತೋರಿಸಿದ್ದು ಲೈನ್ ಮನೆಯ ಹಿರಿಯರೊಬ್ಬರು. ನಮ್ಮಪ್ಪನಿಗಿಂತ ಚೆನ್ನಾಗಿ ಅವರಿಗೆ ಗುಡ್ಡದ ಮೂಲೆಮೂಲೆ ಗೊತ್ತು. ಕೆಲಸ ಮುಗಿದ ಮೇಲೆ ಕೇಳಿದರು, ‘ಸಣ್ಣಯ್ಯ, ನಂಗೂ ಮನೆ ಜಾಗಕ್ಕೆ ಒಂದು ಅರ್ಜಿ ಬರ್ಕೊಡ್ತೀರಾ?’

ಬರೆಯೋಕೆ ಕೂತೆ. 94ಸಿ ಅವರಿಗೆ ಹೊಂದಲ್ಲ. ಅದು ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡೋರಿಗೆ, ಅವರಿರೋದು ಮಾಲೀಕರ ಜಾಗದಲ್ಲಿ. ಉಳಿದದ್ದು ಪಂಚಾಯ್ತಿಯ ನಿವೇಶನದ ಪಟ್ಟಿ. ಅದಕ್ಕೆ ಊರಲ್ಲಿ ಖಾಲಿ ಸರ್ಕಾರಿ ಜಾಗ ಬೇಕು. ಆ ಜಾಗದಲ್ಲಿ ಈಗ ಕಾಫಿ ಇದೆ, ಅದರಲ್ಲಿ ಒಂದಿಷ್ಟು ನಮ್ಮದು.