ಅಟ್ಟದ ಟ್ರಂಕಿಗೆ ಗುಜರಿಯೇ ಗತಿಯೇ?

ಗೋವಿನಕೋವಿ: ಹೊನ್ನಾಳಿ-ಶಿವಮೊಗ್ಗದ ಕಡೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಗೋವಿನಕೋವಿ ಹೊಸ ಹೆಸರಲ್ಲ. ಊರು ಇದ್ದಲ್ಲೇ ಇದೆ, ತುಂಗಭದ್ರೆಯೂ ಹರಿದಲ್ಲೇ ಹರಿಯುತ್ತಿದ್ದಾಳೆ. ಕದಲುತ್ತಾ ಹೋದದ್ದು ಸರಕಾರಿ ವಿಳಾಸ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಇದು ಮೈಸೂರು ಮಹಾರಾಜರ ಸೀಮೆ, ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1997ರಲ್ಲಿ ಜಿಲ್ಲೆ ದಾವಣಗೆರೆ ಆಯಿತು. ಈಗ ತಾಲ್ಲೂಕೂ ಬದಲಾಗಿ ನ್ಯಾಮತಿ. ಕಚೇರಿ ಬದಲಾದಾಗಲೆಲ್ಲ ದಫ್ತರು ಗಂಟು ಕಟ್ಟಿಸಿಕೊಂಡು ಲಾರಿ ಹತ್ತಬೇಕು. ಹತ್ತಿದ ಗಂಟೆಲ್ಲ ಇಳಿದೇ ಇಳಿಯುತ್ತದೆ ಎಂದು ಯಾವ ಗುಮಾಸ್ತನೂ ಆಣೆ ಮಾಡಿ ಹೇಳಲಾರ.

ಆದರೆ ಇನ್ನೊಂದು ದಫ್ತರು ಇದೆ. ಅದು ಯಾವ ಲಾರಿಯನ್ನೂ ಹತ್ತಲಿಲ್ಲ. ಹಳೇ ಪಟೇಲರ, ಶಾನುಭೋಗರ, ಶೇಕ್‌ದಾರರ, ಅಮಲ್ದಾರರ ಮನೆಗಳ ಅಟ್ಟದ ಮೇಲೆ, ತುಕ್ಕು ಹಿಡಿದ ಟ್ರಂಕಿನಲ್ಲಿ ಕೂತುಬಿಟ್ಟಿದೆ. ಈಗ ಅದಕ್ಕೂ ಗಂಡಾಂತರ ಬಂದಿದೆ. ಹಂಚಿನ ಮನೆ ಹೋಗಿ ಆರ್‌ಸಿಸಿ ಬರುವ ಕಾಲ ಇದು. ಮನೆ ಪಾಲಾಗುವ ದಿನ ತಾಮ್ರದ ಹಂಡೆಗೆ ನಾಲ್ಕು ಜನ ಕೈ ಹಾಕುತ್ತಾರೆ, ಟ್ರಂಕಿಗೆ ಯಾರೂ ಇಲ್ಲ. "ಅಯ್ಯೋ, ಅವೆಲ್ಲ ಅಜ್ಜನ ಕಾಲದ ಕಾಗದ, ತಗಂಡ್ ಹೋಗಪ್ಪ ಅತ್ಲಾಗೆ" ಅಂದರೆ ಆಯಿತು. ಗುಜರಿಯವನು ಕೇಜಿ ಲೆಕ್ಕದಲ್ಲಿ ತೂಗಿ ದುಡ್ಡು ಎಣಿಸುತ್ತಾನೆ. ಟ್ರಂಕಿನ ತಗಡಿಗೆ ಕಾಗದಕ್ಕಿಂತ ಬೆಲೆ ಜಾಸ್ತಿ!

ಅಂಥದ್ದೇನಿದೆ ಆ ಕಾಗದದಲ್ಲಿ ಎಂದು ಕೇಳಬಹುದು. ಯುದ್ಧ ನಡೆದದ್ದು ಎಲ್ಲೋ, ಗೋವಿನಕೋವಿಯ ಪಟೇಲನಿಗೂ ಹಿಟ್ಲರನಿಗೂ ಏನು ಸಂಬಂಧ ಸ್ವಾಮಿ?

ಸಂಬಂಧ ಇತ್ತು. ಯುದ್ಧ ಈ ಕಡೆಯ ಹಳ್ಳಿಗಳಿಗೆ ಬಂದದ್ದು ಬಾಂಬಿನ ರೂಪದಲ್ಲಲ್ಲ, ಕಟ್ಟಳೆಯ ರೂಪದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮಾರನೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಧಾನ್ಯಕ್ಕೆ ಕಂಟ್ರೋಲು ಬಂತು, ಬಟ್ಟೆಗೆ ಬಂತು, ಸೀಮೆಎಣ್ಣೆಗೆ ಬಂತು. ತಾಮ್ರ ಉಳಿಸಲೆಂದು 1943ರಿಂದ ಕಾಸಿನ ನಡುವೆಯೇ ತೂತು ಹೊಡೆದರು. ಹಳೇ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಆ ತೂತಿನ ಕಾಸು ಇಂದೂ ಸಿಕ್ಕೀತು, ತಡಕಿ ನೋಡಿ. ಈ ಕಟ್ಟಳೆಗಳನ್ನು ಮನೆ ಬಾಗಿಲಿಗೆ ತಂದು ಹೇಳಬೇಕಾದವರು ಯಾರು? ಬ್ರಿಟಿಷ್ ವೈಸರಾಯಿ ಅಲ್ಲ, ಮೈಸೂರಿನ ದಿವಾನರೂ ಅಲ್ಲ. ಇದೇ ಪಟೇಲ, ಇದೇ ಶಾನುಭೋಗ. ಯಾರ ಕಣಜದಲ್ಲಿ ಎಷ್ಟು ಭತ್ತ ಎಂದು ಬರೆಯಬೇಕಾದವನಿಗೆ ಆ ಕಣಜದ ಯಜಮಾನ ಬೀಗನೋ, ನೆಂಟನೋ, ಹಗೆಯೋ ಆಗಿರುತ್ತಿದ್ದ.

ಕಚೇರಿಯ ಫೈಲು ಇಷ್ಟನ್ನೇ ಹೇಳುತ್ತದೆ: ಇಷ್ಟು ಪಲ್ಲ ಧಾನ್ಯ ವಸೂಲಾಯಿತು, ಇಷ್ಟು ಬಾಕಿ. ಆ ಅಧಿಕಾರಿ ರಾತ್ರಿ ಕಂದೀಲಿನ ಬೆಳಕಿನಲ್ಲಿ ತಮ್ಮನಿಗೋ ಮಾವನಿಗೋ ಬರೆದ ಕಾಗದ ಬೇರೆಯೇ ಮಾತಾಡುತ್ತದೆ. "ಇತ್ತ ನಾವು ಕ್ಷೇಮ" ಎಂದು ಶುರುವಾಗಿ, ಮಳೆ ಬೆಳೆ ಮುಗಿದ ಮೇಲೆ ಕೊನೆಯ ಎರಡು ಸಾಲಿನಲ್ಲಿ ನಿಜ ಸಂಗತಿ ಅಂಚಿಗೆ ಒತ್ತಿಕೊಂಡು ಕೂತಿರುತ್ತದೆ. ಕಾಗದದ ಕೊನೆಗೆ ಜಾಗ ಸಾಲದೆ ಪಕ್ಕದ ಅಂಚಿನಲ್ಲಿ ಅಡ್ಡಡ್ಡ ಬರೆಯುವುದು ಆ ಕಾಲದ ರೂಢಿ. ಮುಖ್ಯ ವಿಷಯ ಬಹಳ ಸಲ ಅಲ್ಲೇ.

ತಂತಿಗೆ ಚುಚ್ಚಿದ ಚರಿತ್ರೆ

ಹಳೇ ಮನೆಗಳಲ್ಲಿ ಬಂದ ಕಾಗದವನ್ನು ಗೋಡೆಗೆ ನೇತುಹಾಕಿದ ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರು. ಮಧ್ಯೆ ಒಂದು ತೂತು ಬೀಳುತ್ತಿತ್ತು ನಿಜ, ಆದರೆ ತಾನಾಗಿಯೇ ತಾರೀಖಿನ ಸಾಲು ಬರುತ್ತಿತ್ತು. ಕೆಳಗಿನದು ಹಳತು, ಮೇಲಿನದು ಹೊಸತು. ದೊಡ್ಡ ಪತ್ರಾಗಾರಗಳಲ್ಲಿ ಇಂದು ಹೇಳಿಕೊಡುವ ಮೊದಲ ಪಾಠವೂ ಇದೇ: ಬಂದ ಕ್ರಮ ಕೆಡಿಸಬೇಡಿ. ನಮ್ಮ ಅಜ್ಜಂದಿರು ಅದನ್ನು ಒಂದು ತುಂಡು ತಂತಿಯಿಂದ ಸಾಧಿಸಿದ್ದರು.

ಹಾಗಂತ ಎಲ್ಲವೂ ಉಳಿದಿಲ್ಲ. ಸಾವಿನ ಸುದ್ದಿ ಹೊತ್ತ ಕಾಗದವನ್ನು ಓದಿದ ಕೂಡಲೇ ಹರಿದುಹಾಕುವುದು ನಮ್ಮಲ್ಲಿ ಪದ್ಧತಿ, ಮನೆಯೊಳಗೆ ಇಟ್ಟುಕೊಳ್ಳಬಾರದು. ಹಾಗಾಗಿ ಯುದ್ಧಕಾಲದ ಕಂತೆಗಳಲ್ಲಿ ಬೇಕಾದ ಕಾಗದವೇ ಇರುವುದಿಲ್ಲ, ಸಂತಾಪಕ್ಕೆ ಬಂದ ಉತ್ತರ ಮಾತ್ರ ಸಿಕ್ಕರೆ ಸಿಕ್ಕೀತು. ಇನ್ನು ಸ್ಟಾಂಪು ಕೂಡಿಸುವ ಹುಡುಗರು. ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಗಿತ್ತಾದ್ದರಿಂದ ಆರನೇ ಜಾರ್ಜ್ ದೊರೆಯ ತಲೆಯಿದ್ದ ಚೀಟಿಯೇ ಇಲ್ಲೂ ನಡೆಯುತ್ತಿತ್ತು. ಆ ತಲೆಯ ಆಸೆಗೆ ಲಕೋಟೆಯ ಮೂಲೆಯನ್ನೇ ಕತ್ತರಿಸಿಬಿಟ್ಟಿದ್ದಾರೆ. ಚೀಟಿಯ ಜೊತೆ ಮೊಹರೂ ಹೋಯಿತು, ಊರೂ ತಾರೀಖೂ ಹೋಯಿತು. ರಣರಂಗದಿಂದ ಬಂದ ಲಕೋಟೆಯಾದರೆ ಸೆನ್ಸಾರಿನವರು ಒಡೆದು ಓದಿ ಮತ್ತೆ ಅಂಟಿಸಿದ ಗುರುತೂ ಅದರ ಮೇಲೇ ಇರುತ್ತದೆ.

ಪಟೇಲಿಕೆ, ಶಾನುಭೋಗಿಕೆಯ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯಿದೆಯ ಮೂಲಕ ರದ್ದಾದವು, 1963ರಿಂದ ಜಾರಿ. ಸರಕಾರಿ ಲೆಕ್ಕದ ಪುಸ್ತಕಗಳು ಹೊಸ ಗ್ರಾಮ ಲೆಕ್ಕಿಗರ ಕೈಗೆ ಹೋದವು. ಸ್ವಂತ ಕಾಗದ, ಡೈರಿ, ಮದುವೆ ಖರ್ಚಿನ ಪಟ್ಟಿ, ಮಗನ ಸ್ಕೂಲು ಫೀಜಿನ ರಸೀತಿ, ಮೇಲಧಿಕಾರಿ ಖಾಸಗಿಯಾಗಿ ಬರೆದ ಚೀಟಿ ಇವನ್ನು ಯಾರೂ ಕೇಳಲಿಲ್ಲ. ಕೇಳದೆ ಉಳಿದದ್ದೇ ಈಗಿನ ಆಸ್ತಿ.

ದೊಡ್ಡವರದು ದೆಹಲಿಗೆ, ಚಿಕ್ಕವರದು?

ದೊಡ್ಡವರ ಕಾಗದಕ್ಕೆ ಜಾಗ ಸಿಕ್ಕಿದೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಯುದ್ಧದ ಮೊದಲ ಎರಡು ವರ್ಷ ಸಂಸ್ಥಾನವನ್ನು ನಡೆಸಿದವರು. ಬೆಂಗಳೂರಿನ ವಿಮಾನ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಹುಟ್ಟಿದ್ದು ಅವರ ಕಾಲದಲ್ಲೇ. ಅವರ ಸ್ವಂತ ಕಾಗದಪತ್ರಗಳ ಸಂಗ್ರಹ ದೆಹಲಿಯ ತೀನ್ ಮೂರ್ತಿ ಭವನದಲ್ಲಿದೆ. ಬಹುಕಾಲ ನೆಹರೂ ಹೆಸರಿನಲ್ಲಿದ್ದ ಆ ಸಂಸ್ಥೆಗೆ 2023ರಲ್ಲಿ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಎಂದು ಹೆಸರಾಯಿತು. ಮಿರ್ಜಾ ಅವರ ಆತ್ಮಕಥೆಯೂ 1954ರಲ್ಲಿ ಅಚ್ಚಾಗಿದೆ. ಆದರೆ ಆತ್ಮಕಥೆ ಎಂಬುದು ಎಲ್ಲ ಮುಗಿದ ಮೇಲೆ ಹೇಳಿದ ಮಾತು, ಕಾಗದ ಅವತ್ತಿನ ದಿನದ ಮಾತು. ಸಂಶೋಧಕರು ದೆಹಲಿ ರೈಲು ಹತ್ತುವುದು ಎರಡನೆಯದಕ್ಕೆ.

ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಯುದ್ಧಕಾಲದಲ್ಲಿ ಇರಾಕು, ಸಿರಿಯಾ, ಇರಾನು, ಬರ್ಮಾ ಕಂಡವರು. ಅವರ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದೇ ಬರ್ಮಾದಲ್ಲಿ ಹೋರಾಡಿದ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿಸೈಡ್' ಕೆಲಕಾಲ ಆರ್‌ಟಿಒ ಕಚೇರಿಯಾಗಿತ್ತು! ಲೈಸೆನ್ಸಿಗೆ ಕ್ಯೂ ನಿಂತಿದ್ದ ಎಷ್ಟು ಜನಕ್ಕೆ ಅದು ಯಾರ ಮನೆ ಎಂದು ಗೊತ್ತಿತ್ತೋ. 2021ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು.

ದಿವಾನ, ದಂಡನಾಯಕರಿಗೆ ಇಷ್ಟಾಯಿತು. ಅವರ ಹುಕುಂ ಹಳ್ಳಿಯಲ್ಲಿ ಏನಾಯಿತು ಎಂದು ಹೇಳಬೇಕಾದವನು ಕೊನೆಯ ಮೆಟ್ಟಿಲಿನ ಅಧಿಕಾರಿ. ಅವನ ಟ್ರಂಕು ಮಾತ್ರ ಗುಜರಿ ಅಂಗಡಿಯ ತಕ್ಕಡಿಯಲ್ಲಿ.

ಇದರ ಬೆಲೆ ತಿಳಿಯಲು ನ್ಯಾಮತಿ ದಾಟಿ ಪಕ್ಕದ ಶಿಕಾರಿಪುರ ತಾಲ್ಲೂಕಿಗೆ ಹೋದರೆ ಸಾಕು, ಅಲ್ಲಿ ಈಸೂರು ಇದೆ. 1942ರ ಚಳವಳಿಯಲ್ಲಿ ಊರಿನವರು ಕಂದಾಯ ಕೊಡುವುದಿಲ್ಲ ಎಂದರು, ಸರಕಾರಿ ಅಧಿಕಾರಿಗಳು ಊರೊಳಗೆ ಬರಕೂಡದು ಎಂದರು, ತಮ್ಮದೇ ಸರಕಾರ ಕಟ್ಟಿದರು. ಆ ವರ್ಷ ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಸತ್ತರು. ಆಮೇಲೆ ಊರಿನ ಮೇಲೆ ನಡೆದ ದಬ್ಬಾಳಿಕೆ ಎಲ್ಲರಿಗೂ ಗೊತ್ತು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದರು.

ಈಸೂರಿನವರ ಕಥೆ ಸ್ಮಾರಕವಾಗಿ, ಶಾಲೆಯ ಪಾಠವಾಗಿ ಉಳಿಯಿತು. ಉಳಿಯಬೇಕಾದದ್ದೇ. ಸರಕಾರದ ಕಥೆ ಕೋರ್ಟಿನ ಕಾಗದವಾಗಿ ಉಳಿಯಿತು. ಇವೆರಡರ ನಡುವೆ ಇದ್ದವರು ಸುತ್ತಲ ಹೋಬಳಿಗಳ ಸಣ್ಣ ಅಧಿಕಾರಿಗಳು. ಹಗಲು ಸರಕಾರದ ಸಂಬಳ, ರಾತ್ರಿ ಮಗ ಖಾದಿ ಟೋಪಿ ಹಾಕಿಕೊಂಡು ಮನೆಗೆ ಬರುತ್ತಾನೆ. ಆ ವರ್ಷ ಇಂಥ ಮನೆಗಳಿಗೇನು ಕಮ್ಮಿ ಇರಲಿಲ್ಲ ಈ ದೇಶದಲ್ಲಿ. ನೌಕರಿ ಬಿಡಲೇ, ಮಗನನ್ನು ಬಿಡಲೇ ಎಂದು ಅಪ್ಪ ಬರೆದ ಕಾಗದ ಸರಕಾರಿ ಫೈಲಿಗೆ ಸೇರುವುದಿಲ್ಲ. ಅದು ಸೇರುವುದು ಟ್ರಂಕಿಗೆ ಮಾತ್ರ.

ಮನೆಯವರ ಭಯ

ಟ್ರಂಕು ಕೊಡಿ ಎಂದರೆ ಮನೆಯವರು ಹಿಂದೆಮುಂದೆ ನೋಡುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಹಳೇ ಕಾಗದದಲ್ಲಿ ಗೇಣಿ ಲೆಕ್ಕ ಇರುತ್ತದೆ, ಕೈಸಾಲದ ಚೀಟಿ ಇರುತ್ತದೆ, ದಾಯಾದಿ ಜಗಳ ಇರುತ್ತದೆ. 1974ರ ಭೂಸುಧಾರಣೆಯ ಕಾಲದಲ್ಲಿ ಒಂದು ರಸೀತಿಯ ಮೇಲೆ ಎಕರೆಗಟ್ಟಲೆ ಕೈ ಬದಲಾದದ್ದನ್ನು ನೋಡಿದವರಿಗೆ ಕಾಗದ ಎಂದರೆ ಹಾವು. ಅಜ್ಜ ಯಾರ ಮೇಲೆ ರಿಪೋರ್ಟು ಬರೆದಿದ್ದ ಎಂಬುದು ಹೊರಬಿದ್ದರೆ? ರಿಪೋರ್ಟಿಗೆ ಸಿಕ್ಕಿದವನ ಮೊಮ್ಮಗ ಇವತ್ತು ಪಕ್ಕದ ಅಂಗಡಿಯವನೇ ಆಗಿದ್ದರೆ?

ಇದಕ್ಕೆ ದಾರಿ ಇದೆ. ಪತ್ರಾಗಾರಕ್ಕೆ ಕೊಡುವವರು ಷರತ್ತು ಹಾಕಬಹುದು: ಇಂಥ ಕಟ್ಟನ್ನು ಇಷ್ಟು ವರ್ಷ ಯಾರಿಗೂ ತೋರಿಸಕೂಡದು ಎಂದು. ಜಗತ್ತಿನ ದೊಡ್ಡ ದೊಡ್ಡ ಮನೆತನಗಳು ಮಾಡುವುದೇ ಹೀಗೆ. ಜಮೀನಿನ ಮೂಲಪತ್ರಗಳನ್ನು ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಡಬಹುದು. ಸ್ಕ್ಯಾನು ಮಾಡಿಸಿ ಮೂಲವನ್ನು ವಾಪಸು ಪಡೆಯುವ ಮಾತೂ ಆಡಬಹುದು. ಕೊಡುವ ಮುಂಚೆ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಒಂದು ಕಾಗದಕ್ಕೆ ರುಜು ಹಾಕಿದರೆ ಆಮೇಲಿನ ತಕರಾರು ತಪ್ಪುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ಬಂದ ಕಾಗದ ಪಡೆದವರ ಸ್ವತ್ತು, ಆದರೆ ಅದರ ಒಕ್ಕಣೆಯನ್ನು ಅಚ್ಚು ಹಾಕಿಸುವ ಹಕ್ಕು ಬರೆದವರ ಕಡೆಯವರದ್ದು.

ಕಾನೂನಿನ ವಿಚಾರವೂ ಉಂಟು. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ಚಾರಿತ್ರಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದರೆ ಅದು ಪ್ರಾಚೀನ ವಸ್ತು. ವಿಗ್ರಹಗಳಿಗಾದರೆ 100 ವರ್ಷ ಬೇಕು. ಅಂದರೆ 1942ರ ಕಾಗದಕ್ಕೆ 2017ರಲ್ಲೇ ಆ ವಯಸ್ಸು ತುಂಬಿತು. ಅಂಥದ್ದನ್ನು ಖಾಸಗಿಯವರು ಪರದೇಶಕ್ಕೆ ಮಾರುವಂತಿಲ್ಲ, ಲೈಸೆನ್ಸಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಹರಿದು ಒಲೆಗೆ ಹಾಕಬಾರದು ಎಂದು ಮಾತ್ರ ಯಾರೂ ತಡೆಯುವುದಿಲ್ಲ! 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ನಿನವರು ತಾಳೆಗರಿ, ಶಾಸ್ತ್ರಗ್ರಂಥಗಳ ಬೆನ್ನು ಹತ್ತಿದರು. ಕಂದಾಯದ ದಾಖಲೆಯಂಥವು ಅವರ ವ್ಯಾಖ್ಯೆಯಿಂದ ಹೊರಗೆ. ಶಾನುಭೋಗರ ಟ್ರಂಕು ಹೀಗೆ ಅತ್ತ ಗ್ರಂಥವೂ ಅಲ್ಲ, ಇತ್ತ ಫೈಲೂ ಅಲ್ಲ ಎಂದು ನಡುವೆ ಬಿದ್ದಿದೆ.

ಮನೆ ಮನೆ ತಿರುಗಿ ಕೂಡಿಸುವುದು ಆಗದ ಕೆಲಸವೇನಲ್ಲ. ಸಾಗರದ ಹತ್ತಿರದ ಕೆಳದಿಯಲ್ಲಿ ಗುಂಡಾ ಜೋಯಿಸರು ಹಾಗೆ ಕೂಡಿಸಿದ ತಾಳೆಗರಿ, ಕಡತ, ಕಾಗದಗಳ ಸಂಗ್ರಹಾಲಯ ಇಂದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ದಾವಣಗೆರೆಗೂ ಒಂದು ವಿಶ್ವವಿದ್ಯಾಲಯ ಬಂದಿದೆ. ಇವರಲ್ಲಿ ಯಾರಾದರೂ ಒಬ್ಬ ಮೇಷ್ಟ್ರನ್ನು ನಾಲ್ಕು ಹುಡುಗರ ಜೊತೆ ಈ ಹೋಬಳಿಗೆ ಕಳಿಸಿದರೆ ಒಂದು ಬೇಸಿಗೆಯ ಕೆಲಸ. ಶಾನುಭೋಗರ ಮೋಡಿ ಅಕ್ಷರ ಓದಬಲ್ಲ ಹಿರಿಯರು ಇರುವಾಗಲೇ ಬರಬೇಕು.

ಅಲ್ಲಿಯವರೆಗೆ ಮನೆಯವರೇ ಮಾಡಬಹುದಾದ್ದು ಇಷ್ಟು. ಗಂಟು ಬಿಚ್ಚಿ ವಿಷಯವಾರು ಜೋಡಿಸಲು ಹೋಗಬೇಡಿ, ಇದ್ದ ಹಾಗೇ ಇರಲಿ. ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿ, ಅದು ನಾಲ್ಕೇ ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಗುಂಡುಸೂಜಿ ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆಯಿರಿ. ಟ್ರಂಕನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಮಣೆಯ ಮೇಲಿಡಿ, ಗೆದ್ದಲು ಹತ್ತದ ಹಾಗೆ. ಬಿಸಿಲಿಗೆ ಒಣಹಾಕುವುದು ಬೇಡ, ನೆರಳು ಗಾಳಿ ಸಾಕು. ಲಕೋಟೆಯನ್ನೂ ಕಾಗದದ ಜೊತೆಯಲ್ಲೇ ಇಡಿ. ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಇದ್ದರೆ ಆ ಕಂತೆಯ ಫೋಟೋಗಳನ್ನು ಒಂದೊಂದಾಗಿ ಕೈಗೆ ಕೊಟ್ಟು, ಯಾರು ಯಾರು ಎಂದು ಕೇಳಿ, ಹಿಂಬದಿಗೆ ಮೆತ್ತಗೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಿರಿ. ಬಾಲ್‌ಪೆನ್ನು ಬೇಡ, ಒತ್ತಿದ ಗುರುತು ಮುಖದ ಮೇಲೆ ಮೂಡುತ್ತದೆ.