ಆ್ಯಪ್ ರಚನೆಯೂ ಕನ್ನಡ ವ್ಯಾಕರಣವೂ

ಮೊಬೈಲ್ ಫೋನಿನ ಆ್ಯಪ್‌ಗಳನ್ನು ಕಟ್ಟುವುದು ಎಂಜಿನಿಯರರ ವೃತ್ತಿ. ಅದರಲ್ಲಿ ಕನ್ನಡದ ಅಧ್ಯಾಪಕನಾಗಿದ್ದವನಿಗೆ ಏನು ಕೆಲಸ ಎಂದು ಕೇಳುಗರು ಶಂಕಿಸಬಹುದು. ಶಂಕೆ ಸಹಜವಾದುದೇ. ಆದರೆ ಆ್ಯಪ್ ನಮ್ಮೊಡನೆ ವ್ಯವಹರಿಸುವುದು ಬಹುಮಟ್ಟಿಗೆ ಮಾತಿನ ಮೂಲಕ. 'ಹಣ ಸಂದಾಯವಾಗಿದೆ', 'ಮಾತ್ರೆ ತೆಗೆದುಕೊಳ್ಳುವ ಹೊತ್ತಾಯಿತು' ಎಂದು ಅದು ಹೇಳಿದುದನ್ನು ನಂಬಿ ಜನ ನಡೆಯುತ್ತಾರೆ. ಮಾತಿದ್ದಲ್ಲಿ ವ್ಯಾಕರಣವೂ ಇರಲೇಬೇಕಷ್ಟೆ. ನಾನು ಹೇಳಹೊರಟಿರುವುದು ಆ ಭಾಗವನ್ನು ಮಾತ್ರ.

2008ರಲ್ಲಿ ಆ್ಯಪಲ್ ಸಂಸ್ಥೆ ಆ್ಯಪ್‌ಗಳ ಮಳಿಗೆಯನ್ನು ತೆರೆಯಿತು. ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೂ ಅಂಥದೊಂದು ಬಂದಿತು. ಒಂದೇ ಆ್ಯಪನ್ನು ಎರಡು ಬಗೆಯ ಫೋನುಗಳಿಗಾಗಿ, ಎರಡು ಸಂಕೇತಭಾಷೆಗಳಲ್ಲಿ, ಎರಡು ಸಲ ಬರೆಯಬೇಕಾಗುತ್ತಿತ್ತು. 2015ರಲ್ಲಿ ಬಂದ ರಿಯಾಕ್ಟ್ ನೇಟಿವ್, 2018ರ ಡಿಸೆಂಬರಿನಲ್ಲಿ ಮೊದಲ ಪೂರ್ಣರೂಪ ತಳೆದ ಫ್ಲಟರ್ ಮೊದಲಾದ ಸಲಕರಣೆಗಳು ಈ ಇಮ್ಮಡಿ ದುಡಿಮೆಯನ್ನು ಬಹಳಮಟ್ಟಿಗೆ ತಗ್ಗಿಸಿವೆ. ಈಚೆಗಂತೂ ಸಂಕೇತವನ್ನು ಬರೆದುಕೊಡುವ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯೇ ನೆರವಾಗುತ್ತಿದೆ. ಉಪಕರಣಗಳು ಹರಿತವಾಗಿವೆ, ನಿಜ. ಆದರೆ ಅವುಗಳಿಂದ ಕನ್ನಡ ವಾಕ್ಯ ತನ್ನಷ್ಟಕ್ಕೆ ತಾನೇ ಸರಿಹೋಗುವುದಿಲ್ಲ.

ಮೊದಲು ಅಕ್ಷರದ ಮಾತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ನೆಲೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರಿಂದಲೂ ಸ್ಥಾನವಿದೆ. ಅಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಗಳು ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. 'ಲಕ್ಷ್ಮೀನಾರಾಯಣ' ಎಂಬ ಹೆಸರು ನಮ್ಮ ಛಂದಸ್ಸಿನ ಲೆಕ್ಕದಲ್ಲಿ ಆರು ಅಕ್ಷರ. ಯಂತ್ರದ ಲೆಕ್ಕದಲ್ಲಿ 13 ಸಂಕೇತ. ಹೆಸರಿಗೆ 12 ಎಂಬ ಮಿತಿಯನ್ನು ಆ್ಯಪ್ ವಿಧಿಸಿದ್ದರೆ ಆ ಮಹನೀಯರು ತಮ್ಮ ಕೊನೆಯ 'ಣ'ಕಾರವನ್ನು ಕಳೆದುಕೊಳ್ಳಬೇಕಾಗುತ್ತದೆ. ಬಿಡಿ ಸಂಕೇತಗಳನ್ನು ಕೂಡಿಸಿ ಒತ್ತಕ್ಷರವನ್ನು ರೂಪಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಆಂಡ್ರಾಯ್ಡ್ ಮತ್ತು ಫ್ಲಟರ್ ಎರಡೂ ಅದನ್ನೇ ನೆಚ್ಚಿವೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಆದರೆ ಇಂಗ್ಲಿಷ್ ಸಾಲಿನ ಎತ್ತರವನ್ನೇ ಅಳತೆಯಾಗಿ ಹಿಡಿದು ಚೌಕಟ್ಟು ಕಟ್ಟಿದರೆ, ಸಾಲಿನ ಕೆಳಗಿಳಿದ ಒತ್ತು ಅಲ್ಲಿಯೇ ಕತ್ತರಿಸಿಹೋಗುತ್ತದೆ.

ಇದಕ್ಕಿಂತ ತೊಡಕಿನದು ವಾಕ್ಯ. ಆ್ಯಪಿನ ಮಾತುಗಳನ್ನೆಲ್ಲ ಒಂದು ಪ್ರತ್ಯೇಕ ಕಡತದಲ್ಲಿಟ್ಟು, ಭಾಷೆಗೊಂದರಂತೆ ಅದರ ಪ್ರತಿಗಳನ್ನು ಸಿದ್ಧಪಡಿಸುವುದು ಒಳ್ಳೆಯ ಕ್ರಮ. ಹೆಸರು, ಊರು, ಮೊತ್ತ ಮುಂತಾಗಿ ಬದಲಾಗುವ ಪದಗಳ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ 'ಟು' ಎಂಬ ಪದದ ಮುಂದೆ ಯಾವ ಊರನ್ನಿಟ್ಟರೂ ನಡೆಯುತ್ತದೆ. ಕನ್ನಡದಲ್ಲಿ ಹಾಗಲ್ಲ. ಮೈಸೂರಿಗೆ, ಧಾರವಾಡಕ್ಕೆ, ಉಡುಪಿಗೆ. ರಾಮನಿಗೆ, ಸೀತೆಗೆ, ಗುರುವಿಗೆ—ಚತುರ್ಥಿ ಒಂದೇ, ರೂಪ ಹಲವು. ಪ್ರಕೃತಿ ಯಾವುದೆಂದು ತಿಳಿಯದೆ ಪ್ರತ್ಯಯ ಹತ್ತುವುದಿಲ್ಲ. ಹಣ ಕಳುಹಿಸುವ ಒಂದು ಆ್ಯಪಿನಲ್ಲಿ 'ರಾಮ ಗೆ' ಎಂಬ ಒಡಕು ರೂಪವನ್ನು ನಾನೇ ಕಂಡಿದ್ದೇನೆ.

ಇದಕ್ಕೆ ಪರಿಹಾರ ನಮ್ಮ ನುಡಿಯ ಸೌಜನ್ಯದಲ್ಲಿಯೇ ಇದೆ. ಹೆಸರಿನ ಮುಂದೆ 'ಅವರಿಗೆ' ಎಂದು ಸೇರಿಸಿದರೆ ವಿಭಕ್ತಿಯ ಭಾರವನ್ನು ಆ ಸರ್ವನಾಮ ಹೊರುತ್ತದೆ. ಹೆಸರು ಹಾಗೆಯೇ ಉಳಿಯುತ್ತದೆ. 'ರಾಮ ಅವರಿಗೆ', 'ಸೀತಾ ಅವರಿಗೆ'—ಎರಡೂ ಸರಿ. 'ಬಂದನು' 'ಬಂದಳು' ಎಂಬ ಲಿಂಗದ ತೊಡಕನ್ನೂ 'ಬಂದಿದ್ದಾರೆ' ಎಂಬ ಗೌರವದ ಬಹುವಚನ ಬಿಡಿಸುತ್ತದೆ. ಊರುಗಳ ವಿಷಯದಲ್ಲಿ 'ತಲುಪುವ ಊರು: ಧಾರವಾಡ' ಎಂದು ಬರೆದರೆ ಪ್ರತ್ಯಯದ ಗೊಡವೆಯೇ ಇಲ್ಲ.

ಸಂಖ್ಯೆಯದೂ ಇಂಥದೇ ಕಥೆ. ವಸ್ತುಗಳನ್ನು ಎಣಿಸುವ ಪದವೇ ಬೇರೆ, ಮನುಷ್ಯರನ್ನು ಎಣಿಸುವ ಪದವೇ ಬೇರೆ. ಎರಡು ಪುಸ್ತಕ ಎನ್ನುತ್ತೇವೆ. ಸದಸ್ಯರಾದರೆ ಇಬ್ಬರು, ಮೂವರು. ಏಕವಚನ ಬಹುವಚನಗಳಿಗೆ ಎರಡು ವಾಕ್ಯಗಳನ್ನು ಬರೆದಿಡುವ ಸೌಲಭ್ಯ ಈಗಿನ ಸಲಕರಣೆಗಳಲ್ಲಿದೆ. ಆದರೆ ಈ ಭೇದ ಅವುಗಳಿಗೆ ತಿಳಿಯದು. 'ಸದಸ್ಯರ ಸಂಖ್ಯೆ: 2' ಎಂದು ಬರೆಯುವ ಜಾಣ್ಮೆ ಬರೆಯುವವನಿಗೇ ಇರಬೇಕು.

ಇನ್ನು ಅನುವಾದಕನ ಪಾಡು. ಅವನ ಕೈಗೆ ಸಂದರ್ಭವಿಲ್ಲದ ಬಿಡಿಪದಗಳ ಪಟ್ಟಿಯನ್ನು ಕೊಟ್ಟರೆ, ಬಸ್ಸಿನಲ್ಲಿ ಸೀಟು ಕಾದಿರಿಸುವ 'ಬುಕ್' ಎಂಬುದು ಪುಸ್ತಕವಾಗಿ, ಹಿಂದಿನ ಪುಟಕ್ಕೆ ಒಯ್ಯುವ 'ಬ್ಯಾಕ್' ಬೆನ್ನಾಗಿ ಪರಿಣಮಿಸುವ ಅಪಾಯವಿದೆ. ಪ್ರತಿ ಪದದ ಪಕ್ಕದಲ್ಲಿ ಅದು ಎಲ್ಲಿ, ಯಾತಕ್ಕಾಗಿ ಬರುತ್ತದೆಂದು ಒಂದು ಸಾಲಿನ ಟಿಪ್ಪಣಿ ಬರೆದರೆ ಈ ಅನರ್ಥ ತಪ್ಪುತ್ತದೆ. ಅದಕ್ಕೆ ಅವಕಾಶವೂ ಆ ಕಡತಗಳಲ್ಲಿಯೇ ಇದೆ.

ಇದೆಲ್ಲ ಪಂಡಿತರ ಕೊಸರಾಟವೆಂದು ತಳ್ಳಿಹಾಕುವಂತಿಲ್ಲ. 2022ರ ಆಂಡ್ರಾಯ್ಡ್ 13ರಿಂದೀಚೆಗೆ, ಫೋನಿನ ಭಾಷೆ ಯಾವುದೇ ಇರಲಿ, ಅವಕಾಶ ಕಲ್ಪಿಸಿರುವ ಒಂದೊಂದು ಆ್ಯಪಿಗೂ ಬೇಕಾದ ಭಾಷೆಯನ್ನು ಗೊತ್ತುಪಡಿಸಿಕೊಳ್ಳಬಹುದಾಗಿದೆ. ಕನ್ನಡವನ್ನು ಆರಿಸಿಕೊಂಡವರು ಅದರ ವಕ್ರತೆಗೆ ಬೇಸತ್ತು ಇಂಗ್ಲಿಷಿಗೆ ಮರಳಿದರೆ, 'ಕನ್ನಡವನ್ನು ಬಳಸುವವರೇ ಇಲ್ಲ' ಎಂದು ತಯಾರಕರು ಲೆಕ್ಕ ತೋರಿಸುತ್ತಾರೆ. ಮುಂದಿನ ಆ್ಯಪಿನಲ್ಲಿ ಕನ್ನಡವೇ ಇರುವುದಿಲ್ಲ. ಆಗ ನಷ್ಟ ಇಂಗ್ಲಿಷ್ ಬಲ್ಲವರಿಗಲ್ಲ. ತನ್ನ ದುಡ್ಡು ಎಲ್ಲಿಗೆ ಹೋಯಿತೆಂದು ಕನ್ನಡದಲ್ಲಿ ಮಾತ್ರ ಓದಿ ತಿಳಿಯಬಲ್ಲವನಿಗೆ.

ಆದ್ದರಿಂದ ಆ್ಯಪ್ ಕಟ್ಟುವ ತರುಣರಲ್ಲಿ ನನ್ನದೊಂದು ವಿಜ್ಞಾಪನೆ. ಆ್ಯಪನ್ನು ಜನರ ಕೈಗೆ ಕೊಡುವ ಮುನ್ನ ಅದರ ಒಂದೊಂದು ವಾಕ್ಯವನ್ನೂ, ನಾಲ್ಕಾರು ಬಗೆಯ ಹೆಸರು, ಊರುಗಳನ್ನು ತುಂಬಿಸಿ, ಕನ್ನಡ ಬಲ್ಲವರೊಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಿರಿ. ಯಂತ್ರದ ಪರೀಕ್ಷೆಗೆ ಸಿಕ್ಕದ ತಪ್ಪು ಕಿವಿಗೆ ಸಿಕ್ಕುತ್ತದೆ.